ಮೂರನೆಯ ಹಳ್ಳ

ಮಲಿಕಸಾಬರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಮುದ್ದೇಬಿಹಾಳದಲ್ಲಿ ಅವರನ್ನು ಬಲ್ಲವರು ನೂರಾರು ಜನ ಇದ್ದಾರೆ, ಯಾರು ಬರೆದಿದ್ದರೂ ನನಗಿಂತ ನೆಟ್ಟಗೆ ಬರೆಯುತ್ತಿದ್ದರು. ಆದರೆ ಅವರ ಬಗ್ಗೆ ಊರೆಲ್ಲ ಹರಡಿದ ಒಂದು ಸುಳ್ಳು ನನ್ನ ಬಾಯಿಂದ ಹೊರಟದ್ದು. ಹಾಗಾಗಿ ಬರೆಯುವ ಕೆಲಸವೂ ನನ್ನ ಕೊರಳಿಗೇ ಬಿದ್ದಿದೆ.

ನಾನು ಬಸಂತರಾಯ, ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇಪ್ಪತ್ತಮೂರು ವರ್ಷಗಳಿಂದ ನಕಾಶೆಯ ಮೇಲೆ ಕೋಲಿಟ್ಟು ಪಶ್ಚಿಮ ಘಟ್ಟ ತೋರಿಸಿದ್ದೇನೆ, ಅಲ್ಲಿಯ ಮಳೆ, ಮರ, ಪ್ರಾಣಿಗಳ ಹೆಸರನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಹೋದ ವರ್ಷದ ದಸರೆಯ ತನಕ ಆ ಕಾಡಿನ ಒಂದು ಎಲೆಯನ್ನೂ ಕಂಡವನಲ್ಲ. ಆದರೂ ಕಂಡವರಿಗಿಂತ ಹೆಚ್ಚು ಮಾತಾಡುತ್ತಿದ್ದೆ. ನನ್ನ ಸ್ವಭಾವವೇ ಹಾಗೆ. ಮಾತು ಚೆನ್ನಾಗಿ ಬರುತ್ತದೆ, ಸಿಟ್ಟು ಅದಕ್ಕಿಂತ ಬೇಗ ಬರುತ್ತದೆ.

ಮಲಿಕಸಾಬರಿಗೆ ಈಗ ಅರವತ್ತಮೂರು. ಹುಟ್ಟಿದ್ದು ಇಂಡಿ ತಾಲೂಕಿನ ಝಳಕಿಯಲ್ಲಿ, ಹೆದ್ದಾರಿಗೆ ಅಂಟಿಕೊಂಡ ಮನೆಯಲ್ಲಿ. ತಂದೆ ಪಂಕ್ಚರ್ ತೆಗೆಯುತ್ತಿದ್ದರು. ಹರೆಯದಲ್ಲಿ ಲಾರಿ ಹತ್ತಿ ಸೊಲ್ಲಾಪುರ, ಲಾತೂರು ಎಂದು ತಿರುಗಿದ ಮಲಿಕಸಾಬರು ಸಿಂದಗಿಯ ಹಜರಾಬಿಯನ್ನು ಮದುವೆಯಾದ ಮೇಲೆ ಮುದ್ದೇಬಿಹಾಳಕ್ಕೆ ಬಂದು ನೆಲೆ ನಿಂತರು. ಸರಕಾರಿ ಹರಾಜಿನಲ್ಲಿ ಒಂದು ಹಳೆಯ ಜೀಪು ಸಿಕ್ಕಿತು. ಅದಕ್ಕೆ ಎರಡು ಗೇರು. ದೊಡ್ಡದು ಎಲ್ಲ ಗಾಡಿಗಳಿಗೂ ಇರುವಂಥದ್ದು, ಬಗಲಿಗಿರುವ ಗಿಡ್ಡದನ್ನು ಎಳೆದರೆ ನಾಲ್ಕೂ ಗಾಲಿಗಳು ಒಟ್ಟಿಗೆ ಎಳೆಯುತ್ತವೆ. ಮಳೆಗಾಲದಲ್ಲಿ ಬಸ್ಸು ನಿಂತುಹೋಗುವ ಹಳ್ಳಿಗಳಿಗೆ ಆ ಗಿಡ್ಡ ಗೇರಿನ ಬಲದಿಂದಲೇ ಜನ ಹೋಗಿ ಬಂದು ಮಾಡುತ್ತಿದ್ದರು.

ನಮ್ಮ ಡೋಣಿ ನದಿಯನ್ನು ಕಾಣದವರಿಗೆ ಇದರ ಕಷ್ಟ ತಿಳಿಯಲಿಕ್ಕಿಲ್ಲ. ಬೇಸಿಗೆಯಲ್ಲಿ ಕುರಿಗಳು ಅದರಲ್ಲಿ ಮಲಗಿರುತ್ತವೆ. ಮಳೆ ಬಿತ್ತೆಂದರೆ ಕಪ್ಪು ಎರಿಮಣ್ಣಿನ ದಂಡೆಯನ್ನು ಮುರಿದುಕೊಂಡು ಹೊಲಕ್ಕೆ ನುಗ್ಗುತ್ತದೆ, ಮರುದಿನ ಇಳಿಯುತ್ತದೆ, ಇಳಿದಾಗ ತಳವೇ ಬದಲಾಗಿರುತ್ತದೆ. ನಿನ್ನೆ ಎತ್ತಿನ ಗಾಡಿ ದಾಟಿದಲ್ಲಿ ಇವತ್ತು ಆಳು ಮುಳುಗುವ ಹೊಂಡ. ಮೇಲಿನಿಂದ ನೋಡಿದರೆ ಎರಡೂ ಒಂದೇ, ಕಂದು ನೀರು.

ಅದಕ್ಕಾಗಿ ಮಲಿಕಸಾಬರದೊಂದು ಪದ್ಧತಿ ಇತ್ತು. ನೀರು ಎಲ್ಲಿ ಕಂಡರೂ, ಅಂಗೈಯಷ್ಟು ಆಳವಿದ್ದರೂ ಗಾಡಿ ನಿಲ್ಲಿಸುತ್ತಿದ್ದರು. ಇಂಜಿನ್ ಬಂದ್ ಮಾಡಿ, ಚಾವಿ ಕಿತ್ತು ಜೇಬಿಗೆ ಹಾಕಿ, ಚಪ್ಪಲಿ ಕಳಚಿ, ಪಾಯಜಾಮವನ್ನು ಮೊಣಕಾಲಿನ ತನಕ ಸುತ್ತಿ, ಒಂದು ಕೋಲು ಹಿಡಿದು ನೀರಿಗೆ ಇಳಿಯುತ್ತಿದ್ದರು. ಹೋಗುವಾಗ ಬಲಗಾಲಿ ಉರುಳುವ ದಾರಿಯಲ್ಲಿ ನಡೆದು ಆಚೆ ದಂಡೆ ಮುಟ್ಟುವುದು, ಬರುವಾಗ ಎಡಗಾಲಿ ಉರುಳುವ ದಾರಿಯಲ್ಲಿ ನಡೆದು ಈಚೆ ಬರುವುದು. ಆಮೇಲೆ ಚಾವಿ ಹಾಕುವುದು. ಎಂಥ ಅವಸರವಿದ್ದರೂ, ಯಾರು ಬೈದರೂ ಇದು ತಪ್ಪುತ್ತಿರಲಿಲ್ಲ.

ಮೂವತ್ತೈದು ವರ್ಷಗಳಲ್ಲಿ ಅವರ ಗಾಡಿ ನೀರಲ್ಲಿ ಸಿಕ್ಕಿಕೊಂಡದ್ದಿಲ್ಲ. ಚುನಾವಣೆಯ ಪೆಟ್ಟಿಗೆ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಹೊಸ ಮದುಮಗಳು, ಎಲ್ಲವೂ ಆ ಜೀಪಿನಲ್ಲಿ ಡೋಣಿ ದಾಟಿವೆ. ಎಲ್ಲಕ್ಕಿಂತ ಹೆಚ್ಚಾಗಿ ದಿನ ತುಂಬಿದ ಬಸುರಿಯರು. ನದಿಯಾಚೆಯ ಹಳ್ಳಿಗಳಲ್ಲಿ ಮಳೆಗಾಲದ ಹೆರಿಗೆ ಎಂದರೆ ಮೊದಲು ಡಾಕ್ಟರರಿಗಲ್ಲ, ಮಲಿಕಸಾಬರಿಗೆ ಫೋನ್ ಹೋಗುತ್ತಿತ್ತು. ಊರಲ್ಲಿ ಅವರಿಗೆ ಬೇರೆ ಆಸ್ತಿ ಇರಲಿಲ್ಲ. ಅವರಿಗೆ ಇದ್ದದ್ದು ಈ ನಂಬಿಕೆ ಒಂದೇ, ಮತ್ತು ಅದು ಅವರಿಗೆ ಗೊತ್ತಿತ್ತು. ಮಳೆ ಹನಿಯತೊಡಗಿದರೆ ಹಬ್ಬ ಬಂದ ಹಾಗೆ ಮುಖ ಅರಳಿಸಿಕೊಂಡು ಗಾಡಿ ಒರೆಸುತ್ತಿದ್ದರು.

ಹೋದ ದಸರಾ ರಜೆಯಲ್ಲಿ ನನ್ನ ಹೆಂಡತಿ ಯಶೋಧಾ ಕಾಡು ನೋಡಬೇಕೆಂದಳು. ಪುಸ್ತಕದಲ್ಲಿ ಓದಿದ್ದು, ಟೀವಿಯಲ್ಲಿ ನೋಡಿದ್ದು ಸಾಕಾಗಿದೆ ಎಂದಳು. ದಾಂಡೇಲಿಯ ಆಚೆ ಗುಡ್ಡದ ಕಾಡಿನ ನಡುವೆ ಹದಿನಾಲ್ಕು ಕಿಲೋಮೀಟರಿನ ಒಂದು ಮಣ್ಣಿನ ದಾರಿಯಿದೆ, ನಾಲ್ಕೂ ಗಾಲಿ ಎಳೆಯುವ ಗಾಡಿಗಳನ್ನು ಮಾತ್ರ ಬಿಡುತ್ತಾರೆ ಎಂದು ಯಾರೋ ಹೇಳಿದ್ದರು. ನಾನು ಮಲಿಕಸಾಬರನ್ನು ಕೇಳಿದೆ. ತಾವು ಗುಡ್ಡವನ್ನೇ ಕಂಡವರಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟರು. ಆದರೆ ದಾರಿ ಇದ್ದಲ್ಲಿ ಗಾಡಿ ಹೋಗುತ್ತದೆ, ಅವಸರ ಮಾಡದಿದ್ದರೆ ಬರುತ್ತೇನೆ ಎಂದರು. ನನಗೇನು ಅವಸರ, ರಜೆಯಲ್ಲವೇ ಎಂದೆ ನಾನು.

ಬಸವನ ಬಾಗೇವಾಡಿಯ ತವರಲ್ಲಿದ್ದ ಯಶೋಧಾಳನ್ನು ಅವಳ ಬುತ್ತಿಯ ಗಂಟಿನೊಡನೆ ಹತ್ತಿಸಿಕೊಂಡು ಹೊರಟೆವು. ಕಟಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಡಬ್ಬಿ ಮಾದಲಿ. ಮಲಿಕಸಾಬರ ಪಾಲಿಗೆಂದು ಹಜರಾಬಿ ಕಟ್ಟಿಕೊಟ್ಟ ಬುತ್ತಿ ಬೇರೆ. ಸಂಜೆ ದಾಂಡೇಲಿ ಮುಟ್ಟಿ, ಉಳಿದು, ಬೆಳಿಗ್ಗೆ ಕಾಡಿನ ಗೇಟಿಗೆ ಬಂದೆವು. ಗಾಡಿಯ ನಂಬರು, ಓಡಿಸುವವರ ಹೆಸರು, ಲೈಸೆನ್ಸು ಬರೆದುಕೊಂಡ ಗಾರ್ಡ್, ಆ ಹೆಸರಿನವರನ್ನು ಬಿಟ್ಟು ಬೇರೆ ಯಾರೂ ಒಳಗೆ ಗಾಡಿ ಓಡಿಸಬಾರದು ಎಂದು ಹೇಳಿದ. ದಾರಿ ಬಹಳ ಸುಲಭದ್ದು, ಮೂರು ಹಳ್ಳ ಸಿಗುತ್ತವೆ, ಮೂರಕ್ಕೂ ತಳದಲ್ಲಿ ಕಲ್ಲು ಹಾಸಿದೆ, ಹೊಸಬರೂ ಹೋಗುತ್ತಾರೆ ಎಂದ.

ನಿಜಕ್ಕೂ ಸುಲಭದ ದಾರಿ. ಕೆಂಪು ಮಣ್ಣು, ಎರಡೂ ಕಡೆ ಬಿದಿರು, ಅದರಾಚೆ ತೇಗ, ಮೇಲೆ ಎಲ್ಲೋ ಸ್ವಲ್ಪ ಸ್ವಲ್ಪ ಬಿಸಿಲು. ಮಲಿಕಸಾಬರು ಗಿಡ್ಡ ಗೇರು ಎಳೆದು, ನಡೆದು ಹೋಗುವವರ ವೇಗದಲ್ಲಿ ಗಾಡಿ ಹತ್ತಿಸುತ್ತಿದ್ದರು. ಒಂದು ತಿರುವಿನಲ್ಲಿ ನಿಲ್ಲಿಸಿ ಇಳಿದು ಗಾಲಿಯನ್ನು ಮುಟ್ಟಿ ನೋಡಿದರು. ರಾತ್ರಿ ಮಳೆಯಾಗಿದ್ದರೂ ಮಣ್ಣು ಗಾಲಿಗೆ ಅಂಟಿಕೊಂಡಿರಲಿಲ್ಲ. ನಮ್ಮಲ್ಲಿ ಹಸಿ ಎರಿಯಲ್ಲಿ ಹತ್ತು ಮಾರು ಹೋದರೆ ಗಾಲಿ ಆನೆಯ ಕಾಲಾಗುತ್ತದೆ, ಕುಡುಗೋಲು ಹಿಡಿದು ಕೆರೆಯಬೇಕು. ಅಂಟದ ಮಣ್ಣೂ ಇರುತ್ತದೆ ಎಂದರೆ ಹಜರಾಬಿ ನಂಬುವುದಿಲ್ಲ ಎಂದು ಒಂದು ಹಿಡಿ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಯಶೋಧಾ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, ಅದೇನು ಇದೇನು ಎಂದು ಕೇಳುತ್ತಿದ್ದಳು. ಒಂದು ಕೆಂಜಳಿಲು ಕೊಂಬೆಯಿಂದ ಕೊಂಬೆಗೆ ಹಾರಿದಾಗ ಮೂವರೂ ಕತ್ತೆತ್ತಿ ಅದು ಮರೆಯಾಗುವ ತನಕ ನೋಡಿದೆವು. ನನ್ನ ಜೀವನದಲ್ಲಿ ಅಷ್ಟು ಸುಖವಾದ ಬೆಳಗು ಬಹಳ ಇಲ್ಲ.

ಮೊದಲನೆಯ ಹಳ್ಳ ಬಂತು. ನೀರು ಹಿಮ್ಮಡಿ ಮುಳುಗುವಷ್ಟು, ತಳದ ಕಲ್ಲುಗಳು ಕಾಣುತ್ತಿದ್ದವು. ಮಲಿಕಸಾಬರು ಗಾಡಿ ನಿಲ್ಲಿಸಿ, ಚಾವಿ ಕಿತ್ತು, ಪಾಯಜಾಮ ಸುತ್ತಿ ಇಳಿದರು. ನನಗೆ ನಗು ಬಂತು, ಇರಲಿ ಎಂದು ಸುಮ್ಮನಿದ್ದೆ.

ಎರಡನೆಯ ಹಳ್ಳದಲ್ಲಿ ಅವರು ನೀರಲ್ಲಿ ನಡೆಯುತ್ತಿದ್ದಾಗ ಹಿಂದೆ ಎರಡು ಹೊಸ ಗಾಡಿಗಳು ಬಂದು ನಿಂತವು. ಹಾರ್ನ್ ಬಾರಿಸಿದರು. ಟೋಪಿ ಹಾಕಿದವನೊಬ್ಬ ಇಳಿದು ಬಂದು ನಾವು ಎಲ್ಲಿಯವರು ಎಂದು ಕೇಳಿದ. ವಿಜಯಪುರ ಜಿಲ್ಲೆ ಎಂದೆ. ಅವನು ತನ್ನ ಕಡೆಯವರತ್ತ ತಿರುಗಿ, ಅದಕ್ಕೇ ಮತ್ತೆ, ಇವರು ಜನ್ಮದಲ್ಲೇ ನೀರು ಕಂಡಿಲ್ಲ ಎಂದ. ಅವರೆಲ್ಲ ನಕ್ಕರು. ಮಲಿಕಸಾಬರು ಬಂದು ಜೀಪನ್ನು ಬದಿಗೆ ಸರಿಸಿದರು. ಎರಡೂ ಗಾಡಿಗಳು ನಿಲ್ಲದೆ ನೀರು ಸಿಡಿಸುತ್ತ ದಾಟಿ ಹೋದವು. ಹೋಗುವಾಗ ಒಬ್ಬಳು ಹುಡುಗಿ ಮಲಿಕಸಾಬರ ಬರಿಗಾಲುಗಳನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

ನನಗೆ ನಾಚಿಕೆಯಾಯಿತು. ಹೌದು, ಆ ಹೊತ್ತಿಗೆ ನಾನು ನಾಚಿಕೊಂಡದ್ದು ಮಲಿಕಸಾಬರಿಗಾಗಿ. ಕೋಲು ಹಿಡಿದ ಈ ಮುದುಕನೊಡನೆ ನಾನು ಕಾಣಿಸಿಕೊಂಡೆನಲ್ಲ ಎಂದು. ನಾಚಿಕೆಗೂ ದಾರಿ ತಪ್ಪುತ್ತದೆ ಎಂಬುದು ಅವತ್ತು ನನಗೆ ತಿಳಿದಿರಲಿಲ್ಲ.

ಆ ಗಾಡಿಗಳು ಮುಂದೆ ಹೋಗಿ ಅರ್ಧ ತಾಸಾದರೂ ನನ್ನ ಸಿಟ್ಟು ಇಳಿಯಲಿಲ್ಲ. ದಾರಿಯ ಚೆಲುವೆಲ್ಲ ಹೋಯಿತು. ಯಶೋಧಾ ಏನೋ ತೋರಿಸಿದರೆ ತಲೆ ಎತ್ತಲಿಲ್ಲ. ಮೂರನೆಯ ಹಳ್ಳ ಕಂಡ ಕೂಡಲೇ ಹೇಳಿದೆ, ಕಾಕಾ, ಇಲ್ಲಿ ನಿಲ್ಲಿಸಬ್ಯಾಡ್ರಿ, ಗಾರ್ಡ್ ಹೇಳಿದ್ದು ಕೇಳಿದ್ದೀರಲ್ಲ.

"ನೋಡದ ನೀರಿಗೆ ಗಾಡಿ ಇಳಸೂದು ನನ್ನ ಕೈಲೆ ಆಗೂದಿಲ್ರಿ ಸರ," ಎಂದು ಅವರು ನಿಲ್ಲಿಸಿಯೇ ಬಿಟ್ಟರು.

ಹಾಗಾದರೆ ಇಂಜಿನ್ನಾದರೂ ಚಾಲೂ ಇರಲಿ ಎಂದೆ. ಸ್ಟಾರ್ಟ್ ಆಗಲು ಪ್ರತಿ ಸಲ ಅದು ಕೆಮ್ಮುತ್ತ ಕೂರುತ್ತದೆ, ಹಿಂದೆ ಮತ್ತೆ ಯಾರಾದರೂ ಬಂದರೆ ಮತ್ತೊಮ್ಮೆ ಮಾನ ಹೋಗುತ್ತದೆ ಎಂದೆ. ಮಲಿಕಸಾಬರ ಕೈ ಚಾವಿಯ ಮೇಲಿತ್ತು. ನನ್ನ ಮುಖ ನೋಡಿದರು. ಕೈ ತೆಗೆದರು. ಇಳಿದು ಹೋದರು.

ಅವರು ಬಲಗಡೆಯಿಂದ ಆಚೆ ಮುಟ್ಟಿದರು. ನಡುವೆ ಒಂದು ಕಡೆ ನಿಂತು ಕೋಲಿನಿಂದ ಬಹಳ ಹೊತ್ತು ತಡವಿದರು. ನನಗೆ ತಡೆಯಲಾಗಲಿಲ್ಲ. ಚಿಕ್ಕ ಕಾರೊಂದನ್ನು ಆರು ವರ್ಷದಿಂದ ಓಡಿಸುತ್ತಿದ್ದೇನೆ, ನನಗೇನು ಬರುವುದಿಲ್ಲವೇ ಎಂದುಕೊಂಡು ಪಕ್ಕದ ಸೀಟಿನಿಂದ ಅವರ ಜಾಗಕ್ಕೆ ಸರಿದೆ. ಯಶೋಧಾ ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದಳು. ನಾನು ಗೇರು ಹಾಕಿ ನೀರಿಗೆ ಇಳಿಸಿದೆ.

ಮಲಿಕಸಾಬರು ಆಗಲೇ ತಿರುಗಿ ಎಡಗಡೆಯಿಂದ ಈಚೆ ಬರುತ್ತಿದ್ದರು. ಗಾಡಿ ತಮ್ಮ ಮೇಲೆ ಬರುವುದನ್ನು ಕಂಡು ಎರಡೂ ಕೈ ಎತ್ತಿದರು. ಅವರನ್ನು ತಪ್ಪಿಸಲು ನಾನು ಸ್ಟೇರಿಂಗನ್ನು ಬಲಕ್ಕೆ ಎಳೆದೆ. ಬಲಗಡೆಯ ಅಂಚಿನಲ್ಲಿ ಹಾಸುಗಲ್ಲು ನಾಲ್ಕು ಮಾರು ಕಿತ್ತು ಹೋಗಿತ್ತು. ಅವರು ಕೋಲಿನಿಂದ ತಡವಿ ಕಂಡುಕೊಂಡದ್ದು ಅದನ್ನೇ. ಮುಂದಿನ ಬಲಗಾಲಿ ಆ ಹೊಂಡಕ್ಕೆ ಇಳಿಯಿತು, ಜೀಪು ವಾಲಿತು, ಬಂಪರು ಬಂಡೆಗೆ ಬಡಿದು ಇಂಜಿನ್ ನಿಂತಿತು. ಮಲಿಕಸಾಬರು ಪಕ್ಕಕ್ಕೆ ಹಾರಿ ಕಲ್ಲುಗಳ ಮೇಲೆ ಬಿದ್ದರು. ಎದ್ದಾಗ ಅವರ ಮೊಣಕಾಲಿನಿಂದ ರಕ್ತ ಇಳಿದು ನೀರಿಗೆ ಸೇರುತ್ತಿತ್ತು.

ಬೈದರೇ? ಇಲ್ಲ. ಮೊದಲು ಯಶೋಧಾಳನ್ನು ಕೈಹಿಡಿದು ದಂಡೆಗೆ ದಾಟಿಸಿದರು. ಆಮೇಲೆ ಗಾಲಿಯ ಕೆಳಗೆ ಒಂದೊಂದೇ ಕಲ್ಲು ತುಂಬತೊಡಗಿದರು. ನಾನೂ ಕಲ್ಲು ಎತ್ತಿಕೊಟ್ಟೆ, ಅದೇ ದೊಡ್ಡ ಉಪಕಾರ ಎಂಬಂತೆ. ಅಷ್ಟರಲ್ಲಿ ಗಾರ್ಡ್ ಬೈಕಿನಲ್ಲಿ ಬಂದ. ವಾಲಿದ ಜೀಪು ನೋಡಿ ಅವನ ಮುಖ ಬಿಗಿಯಿತು.

"ಗಾಡಿ ಓಡಿಸ್ತಾ ಇದ್ದವರು ಯಾರು?"

"ನಾನ್ರೀ," ಎಂದರು ಮಲಿಕಸಾಬರು.

ನನಗೆ ಬಾಯಿ ತೆರೆಯಲು ಹೊತ್ತಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೊತ್ತಿತ್ತು. ಗಾರ್ಡ್ ಬೈಕ್ ನಿಲ್ಲಿಸಿ, ಪುಸ್ತಕ ತೆಗೆದು, ಹೆಸರು ತಾಳೆ ನೋಡಿ, ಇಷ್ಟು ಸುಲಭದ ದಾರಿಯಲ್ಲಿ ಹೀಗೆ ಮಾಡಿದ್ದೀರಲ್ಲ ಅಜ್ಜಾ, ಕಣ್ಣು ಸರಿಯಾಗಿ ಕಾಣುತ್ತದೋ ಇಲ್ಲವೋ ಎಂದು ಬುದ್ಧಿ ಹೇಳುವ ತನಕ ನಾನು ನನ್ನ ಒದ್ದೆ ಬೂಟುಗಳನ್ನು ನೋಡುತ್ತ ನಿಂತಿದ್ದೆ. ಸರಕಾರಿ ನೌಕರ, ನಿಯಮ ಮುರಿದದ್ದು ಮೇಲಿನವರಿಗೆ ತಿಳಿದರೆ ಏನಾದೀತೋ ಎಂದು ಲೆಕ್ಕ ಹಾಕುತ್ತಿದ್ದೆ. ಯಶೋಧಾ ನನ್ನನ್ನೇ ನೋಡುತ್ತಿದ್ದಳು. ಅವಳ ಕಡೆ ನಾನು ನೋಡಲಿಲ್ಲ.

ಮಲಿಕಸಾಬರು ಗಿಡ್ಡ ಗೇರು ಎಳೆದು, ಒಂದೇ ಸಲಕ್ಕೆ ಗಾಡಿಯನ್ನು ಹೊಂಡದಿಂದ ಎತ್ತಿದರು. ಊದಿದ ಮೊಣಕಾಲಿನಲ್ಲಿ ಕ್ಲಚ್ಚು ಒತ್ತುತ್ತ ಮುದ್ದೇಬಿಹಾಳದ ತನಕ ತಂದು ಮುಟ್ಟಿಸಿದರು. ಅಷ್ಟು ದೂರದ ದಾರಿಯಲ್ಲಿ ತಪ್ಪು ನನ್ನದು ಎಂದು ಹೇಳಲು ಜಾಗ ಸಾಲಲಿಲ್ಲ ಎನ್ನುವ ಹಾಗಿಲ್ಲ. ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೀ ಹೇಡಿ ಆಗಿರುತ್ತಿದ್ದೆ. ರಜೆ ಮುಗಿದು ಸಾಲಿ ಶುರುವಾದ ಮೇಲೆ ಸ್ಟಾಫ್ ರೂಮಿನಲ್ಲಿ ಯಾರೋ ಮಲಿಕಸಾಬರು ಕುಂಟುತ್ತಿದ್ದಾರಲ್ಲ, ಗಾಡಿಯ ಮುಖ ನುಗ್ಗಾಗಿದೆಯಲ್ಲ ಎಂದು ಕೇಳಿದರು. ಗೊತ್ತಿಲ್ಲ ಎನ್ನಬಹುದಿತ್ತು. ನನ್ನ ನಾಲಿಗೆ ಬಿಡಬೇಕಲ್ಲ. ಕತೆ ಶುರು ಮಾಡಿದೆ. ಪ್ಯಾಂಟು ಮೇಲಕ್ಕೆ ಎಳೆದುಕೊಂಡು, ಅಳತೆಪಟ್ಟಿಯನ್ನು ಕೋಲಿನಂತೆ ಹಿಡಿದು, ಮಲಿಕಸಾಬರು ನೀರಲ್ಲಿ ಹೇಗೆ ಹೆಜ್ಜೆ ಇಡುತ್ತಾರೆ ಎಂದು ಟೇಬಲ್ಲುಗಳ ನಡುವೆ ನಡೆದು ತೋರಿಸಿದೆ. ಇಷ್ಟೆಲ್ಲ ನೋಡಿ ಬಂದು, ಸೀಟಿನಲ್ಲಿ ಕೂತು, ಸೀದಾ ಹೊಂಡಕ್ಕೇ ಇಳಿಸಿದರು ಎಂದು ಮುಗಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಕೇಳಿದರೆ ನನಗೆ ಉಮೇದು. ಕಾಕಾನ ಕಣ್ಣು ಮಂಜಾಗಿರಬೇಕು ಎಂದು ಒಂದು ಒಗ್ಗರಣೆಯನ್ನೂ ಹಾಕಿದೆ.

ಆ ವಾರದೊಳಗೆ ಕತೆ ಊರು ತಿರುಗಿತು. ಎಪಿಎಂಸಿ ಎದುರಿನ ಚಹದಂಗಡಿಯಲ್ಲಿ ಹಮಾಲರೊಬ್ಬರು ಧೋತರ ಎತ್ತಿ ಕಟ್ಟಿ, ಕೋಲು ಹಿಡಿದು ನಾನು ನಡೆದ ಹಾಗೆಯೇ ನಡೆದು ತೋರಿಸುತ್ತಿದ್ದುದನ್ನು ಒಂದು ದಿನ ಬೈಕಿನ ಮೇಲಿಂದ ನೋಡಿದೆ. ಬೆಂಚಿನ ಮೇಲೆ ಮಲಿಕಸಾಬರೂ ಕೂತಿದ್ದರು. ಎಲ್ಲರೊಂದಿಗೆ ಅವರೂ ನಗುತ್ತಿದ್ದರು. ನಾನು ಬೈಕ್ ನಿಲ್ಲಿಸಲಿಲ್ಲ. ಕೇಳಿದರೆ ಸಾಲಿಗೆ ಹೊತ್ತಾಗಿತ್ತು ಎನ್ನುತ್ತಿದ್ದೆ. ಅವತ್ತು ಭಾನುವಾರ.

ಈ ಆಗಸ್ಟಿನಲ್ಲಿ ಡೋಣಿ ತುಂಬಿ ಬಂತು. ನದಿಯಾಚೆಯ ಹಳ್ಳಿಯ ಕಲ್ಮೇಶ ನನ್ನ ಹಳೆಯ ವಿದ್ಯಾರ್ಥಿ. ಅವನ ಹೆಂಡತಿ ರೇಣುಕಾಗೆ ದಿನ ತುಂಬಿತ್ತು. ನೀರು ಸ್ವಲ್ಪ ಇಳಿದ ಒಂದು ಮಧ್ಯಾಹ್ನ ಅವನ ಫೋನ್ ಬಂತು. ನೋವು ಶುರುವಾಗಿದೆ ಎಂದ.

"ಸರ, ಮಲಿಕಸಾಬ ಕಾಕಾನ್ನ ಕರೀಲೇನ್ರಿ? ಮಂದಿ ಒಂದೊಂದು ಹೇಳಾಕತ್ತಾರ. ನೀವು ಅವ್ರ ಗಾಡ್ಯಾಗ ಕುಂತು ಬಂದವ್ರು. ನೀವು ಹ್ಞೂಂ ಅಂದ್ರ ಈಗ ಫೋನ್ ಹಚ್ತೇನಿ."

ಒಂದೇ ಒಂದು ಹ್ಞೂಂ. ಅದಕ್ಕೆ ಕಾರಣವನ್ನೂ ಕೊಡಬೇಕಾಗಿರಲಿಲ್ಲ. ಆದರೆ ಹ್ಞೂಂ ಎಂದರೆ ಅವನು, ಮತ್ತೆ ಅವತ್ತು ಹಂಗಾತಲ್ರಿ ಸರ ಎಂದು ಕೇಳುತ್ತಾನೆ ಎಂದು ಹೆದರಿದೆ.

"ನೋಡಪಾ ಕಲ್ಮೇಶ," ಎಂದೆ, "ಕಾಕಾಗ ವಯಸ್ಸಾಗೈತಿ."

ಅವರು ಟ್ರ್ಯಾಕ್ಟರ್ ಹೂಡಿಕೊಂಡು ದೂರದ ಸೇತುವೆಯ ಮೇಲಿಂದ ಸುತ್ತಿ ಬಂದರು. ನಲವತ್ತು ಕಿಲೋಮೀಟರ್. ಅರ್ಧ ದಾರಿಯಲ್ಲಿ, ಟ್ರೇಲರಿನಲ್ಲಿ, ಮಳೆಗೆ ಹಿಡಿದ ತಾಡಪತ್ರಿಯ ಕೆಳಗೆ ರೇಣುಕಾ ಹೆತ್ತಳು. ತಾಯಿ ಮಗು ಇಬ್ಬರೂ ಉಳಿದರು. ರೇಣುಕಾ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದಳು.

ನೋಡಲು ಹೋಗಿದ್ದ ಯಶೋಧಾ ಮನೆಗೆ ಬಂದು ಚೀಲವನ್ನು ಕೂಡ ಕೆಳಗಿಡಲಿಲ್ಲ. ಕಲ್ಮೇಶನಿಂದ ಎಲ್ಲ ಕೇಳಿಕೊಂಡು ಬಂದಿದ್ದಳು. ಬಾಗಿಲಲ್ಲೇ ನಿಂತು ಹೇಳಿದಳು.

"ನಿಮ್ಮ ಮಾನ ಹೋಗ್ತದ ಅಂತ ಇಷ್ಟು ದಿನ ಸುಮ್ಮನಿದ್ದೆ. ಅದು ನನ್ನ ತಪ್ಪು. ಈಗ ನೀವು ಹೋಗಿ ಹೇಳ್ರಿ, ಇಲ್ಲಾಂದ್ರ ನಾ ಹೋಗಿ ಹೇಳ್ತೇನಿ."

ಜೊತೆಗೆ ಬಾ ಎಂದೆ. ಗಾಡಿ ಹೊಡೆಯುವಾಗ ನೀವು ಒಬ್ಬರೇ ಹೊಡೆದದ್ದು, ಒಬ್ಬರೇ ಹೋಗಿ ಎಂದಳು.

ಮರುದಿನ ಸಂಜೆ ಹೋದೆ. ಮಲಿಕಸಾಬರು ಹೊರಸಿನ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಹಜರಾಬಿ ಕುರ್ಚಿ ಹಾಕಿದರು. ಮಗಳು ಯಾಸ್ಮಿನ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ಚಹಾ ಮಾಡಲು ಹೋದಳು. ನಾನು ಕೇಳದಿದ್ದರೂ ಹಜರಾಬಿ ಹೇಳತೊಡಗಿದರು. ರೇಣುಕಾಳ ದಿನ ಇವರಿಗೆ ಗೊತ್ತಿತ್ತಂತೆ. ಅವತ್ತು ಬೆಳಿಗ್ಗೆಯೇ ಗಾಡಿಯ ಮುಖವನ್ನು ರಸ್ತೆಗೆ ತಿರುಗಿಸಿ, ಡೀಸೆಲ್ ತುಂಬಿಸಿ, ಹಿಂದಿನ ಸೀಟಿಗೆ ಹಾಸಿಗೆ ಹಾಕಿ, ಫೋನನ್ನು ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದರಂತೆ. ಸಂಜೆಯ ಮಗ್ರಿಬ್ ನಮಾಜಿನ ತನಕ ಕೂತಿದ್ದರಂತೆ. ಟ್ರ್ಯಾಕ್ಟರಿನ ಸುದ್ದಿ ಬಂದಾಗ ಎದ್ದು ಹಾಸಿಗೆ ಮಡಚಿ ತಂದು ಒಳಗಿಟ್ಟರಂತೆ. ಈಗ ಗಾಡಿಯನ್ನು ಸಿಂದಗಿಯವರೊಬ್ಬರಿಗೆ ಕೊಡುವುದು ಗೊತ್ತಾಗಿದೆ, ಶುಕ್ರವಾರ ಬಂದು ಒಯ್ಯುತ್ತಾರೆ, ಒಳ್ಳೆಯದೇ ಆಯಿತು, ಮೊಮ್ಮಗಳು ಇರಮಳನ್ನು ಇವರೊಂದಿಗೆ ಗಾಡಿಯಲ್ಲಿ ಕಳಿಸಲು ತಮಗೂ ಧೈರ್ಯ ಇರಲಿಲ್ಲ ಎಂದರು ಹಜರಾಬಿ. ಮಲಿಕಸಾಬರು ತಲೆ ಎತ್ತದೆ ಎಣ್ಣೆ ತಿಕ್ಕುತ್ತಿದ್ದರು. ನಿಜವನ್ನು ಅವರು ಮನೆಯಲ್ಲೂ ಹೇಳಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ.

ನಾನು ಹೇಳಿದೆ. ಅವತ್ತು ಗಾಡಿ ಹೊಡೆದವನು ನಾನು, ಕಾಕಾ ನೀರಲ್ಲಿದ್ದರು, ಅವರ ಮೇಲೆ ಗಾಡಿ ತಂದವನೂ ನಾನೇ, ಕಾಲು ಮುರಿಯದೆ ಉಳಿದದ್ದು ಅವರ ಪುಣ್ಯ ಎಂದೆ.

ಹಜರಾಬಿಯ ಕಣ್ಣುಗಳು ತುಂಬಿದವು. ಆದರೆ ನಾನು ಅಂದುಕೊಂಡ ಕಾರಣಕ್ಕಲ್ಲ. ಇವರ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಳ್ಳಲು ಬಂದಿದ್ದೀರಲ್ಲ ಸರ, ಇಂಥ ದೊಡ್ಡ ಮನಸ್ಸು ಯಾರಿಗಿದೆ ಎಂದರು. ಚಹಾ ತಂದ ಯಾಸ್ಮಿನ, ಮಾಸ್ತರು ಅಂದರೆ ಹೀಗಿರಬೇಕು ಎಂದು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ನಾನು ಹೇಳುತ್ತಿರುವುದು ಖರೆ, ಬೇಕಾದರೆ ಅವರನ್ನೇ ಕೇಳಿ ಎಂದೆ.

ಹಜರಾಬಿ ಗಂಡನ ಕಡೆ ತಿರುಗಿದರು. ಮಲಿಕಸಾಬರು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು.

"ಸರ ಖರೇನ ಹೇಳಾಕತ್ತಾರ," ಎಂದರು. ಆಮೇಲೆ ನನ್ನನ್ನು ನೋಡಿದರು. ಸಿಟ್ಟಿಲ್ಲ, ಬೇಸರವೂ ಇಲ್ಲ, ಹೊಂಡ ಎಲ್ಲಿದೆ ಎಂದು ತೋರಿಸುವ ಧ್ವನಿ. "ಆದ್ರ ನಾ ಗಾರ್ಡಗ ಸುಳ್ಳು ಹೇಳಲಿಲ್ರಿ. ಚಾಲೂ ಗಾಡಿ ಬಿಟ್ಟು ಡ್ರೈವರ್ ಇಳದ ಅಂದ್ರ, ಮುಂದ ಅದಕ್ಕ ಏನಾದ್ರೂ ಅದು ಅವಂದ. ಎರಡು ಹಳ್ಳಕ್ಕ ಚಾವಿ ಕಿತ್ಕೊಂಡು ಇಳದೆ. ಮೂರನೇದಕ್ಕ ಬಿಟ್ಟು ಇಳದೆ. ಮಾಸ್ತರು ಕುಂತಾರ, ಏನಾಗತೈತಿ ಅಂತ ಭರೋಸಾ ಇಟ್ಟೆ. ಇಷ್ಟು ವರ್ಷದಾಗ ನಾ ಮಾಡಿದ್ದು ಅದೊಂದ ತಪ್ಪು."

ಹಜರಾಬಿ ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋದರು. ಯಾಸ್ಮಿನ ನನ್ನ ಕೈಯಲ್ಲಿದ್ದ ಕಪ್ಪನ್ನು ನೋಡುತ್ತಿದ್ದಳು. ಅದನ್ನು ಕುಡಿಯಲೂ ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ.

ನಾಳೆಯೇ ಸ್ಟಾಫ್ ರೂಮಿನಲ್ಲಿ ಹೇಳುತ್ತೇನೆ, ಕಲ್ಮೇಶನಿಗೆ ಹೇಳುತ್ತೇನೆ, ಎಪಿಎಂಸಿ ಎದುರು ನಿಂತು ಹೇಳುತ್ತೇನೆ, ಗಾಡಿ ಮಾತ್ರ ಕೊಡಬೇಡಿ ಎಂದೆ. ಮಲಿಕಸಾಬರು ತಲೆ ಅಲ್ಲಾಡಿಸಿದರು. ಒಮ್ಮೆ ಹೊಕ್ಕ ಹೆದರಿಕೆ ಹೇಳಿದರೆ ಹೋಗುವುದಿಲ್ಲ, ತಮ್ಮ ಮೇಲೆ ಕಣ್ಣಿಟ್ಟು ಹೆದರಿ ಕೂತ ಹೆಣ್ಣುಮಗಳನ್ನು ಕರೆದುಕೊಂಡು ನೀರಿಗೆ ಇಳಿಯುವುದು ತಮ್ಮಿಂದ ಆಗುವುದಿಲ್ಲ ಎಂದರು. ಬಾಗಿಲ ತನಕ ನನ್ನನ್ನು ಕಳಿಸಲು ಬಂದರು. ಕುಂಟುತ್ತ ಬಂದರು.

"ಮಂದಿಗೆ ಹೇಳೂದಾದ್ರ ಹೇಳ್ರಿ ಸರ," ಎಂದರು. "ಆದ್ರ ಹೋದ ಸಲ ಹೇಳಿದಂಗ ನಗಿಸಿ ಹೇಳಬ್ಯಾಡ್ರಿ."

ಅಳತೆಪಟ್ಟಿ ಹಿಡಿದು ನಡೆದವನು ನಾನು ಎಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ದಾರಿಯಲ್ಲಿ ಸಿಕ್ಕಾಗಲೆಲ್ಲ ಸಲಾಂ ಹೇಳಿದ್ದರು.

ಮರುದಿನ ಸ್ಟಾಫ್ ರೂಮಿನಲ್ಲಿ ಹೇಳಿದೆ. ನಗಿಸದೆ ಹೇಳಿದೆ. ಎಲ್ಲರೂ ಕೇಳಿದರು, ಒಬ್ಬರು ಕೆಮ್ಮಿದರು, ಗಂಟೆಯಾಯಿತು, ಎದ್ದು ತರಗತಿಗೆ ಹೋದರು. ಕಲ್ಮೇಶ ಕೇಳಿಕೊಂಡು ಫೋನ್ ಇಟ್ಟವನು ಈವರೆಗೆ ಮಾತಾಡಿಲ್ಲ. ಚಹದಂಗಡಿಯವರು, ಹೋಗಲಿ ಬಿಡ್ರಿ ಸರ, ಆದದ್ದು ಆತು ಎಂದರು. ಮೊದಲನೆಯ ಕತೆ ಒಂದು ವಾರದಲ್ಲಿ ಊರು ಸುತ್ತಿತ್ತು. ಇದನ್ನು ಯಾರೂ ಇನ್ನೊಬ್ಬರಿಗೆ ಹೇಳಲಿಲ್ಲ, ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ.

ಶುಕ್ರವಾರ ಸಿಂದಗಿಯವರು ಬಂದು ಜೀಪು ಒಯ್ದರು. ಡೋಣಿ ಆ ವಾರ ಮತ್ತೆ ತುಂಬಿ ಬಂದಿತ್ತು.